ಹೆಂಚಿನ ಮನೆಯಲ್ಲಿ ಎಸ್‌ಬಿ-700: ಬಾಡಿಗಿಂತ ಮೊದಲು ಫ್ಲಾಶ್

ನನ್ನ ಹತ್ತಿರ ಇರುವ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ನಿಕಾನ್ ಡಿ7200. 2015ರ ಮಾಡೆಲ್, ಅದೂ ಸೆಕೆಂಡ್ ಹ್ಯಾಂಡ್. ಹೆಚ್ಚಿನ ಹೊತ್ತು ಅದಕ್ಕೆ ಸಿಕ್ಕಿಸಿಕೊಂಡಿರುವುದು 35 ಎಂಎಂ ಎಫ್/1.8 ಲೆನ್ಸ್, ಅಪರೂಪಕ್ಕೆ ಹಳೇ 85 ಎಂಎಂ ಎಫ್/1.8ಡಿ. ಮೆಗಾಪಿಕ್ಸೆಲ್, ಫೋಕಸ್ ಪಾಯಿಂಟ್ ಎಲ್ಲ ನೀವು ಈಗಾಗಲೇ ಓದಿಯೇ ಇರುತ್ತೀರಿ, ಬಿಡಿ. ಇಲ್ಲಿ ಹೇಳಹೊರಟಿರುವುದು ಎಸ್‌ಬಿ-700 ಫ್ಲಾಶ್ ಬಗ್ಗೆ. 2010ರಲ್ಲಿ ಬಂದ ಮಾಲು, ಕೆಲವು ವರ್ಷಗಳಿಂದ ನನ್ನ ಬ್ಯಾಗಿನಲ್ಲಿದೆ. ನಾನು ಬಾಡಿ ಬದಲಾಯಿಸಿದಾಗ ಮನೆಯಲ್ಲಿ ಒಬ್ಬರೂ ವ್ಯತ್ಯಾಸ ಗುರುತಿಸಲಿಲ್ಲ. ಫ್ಲಾಶ್ ಹಾಕಿದ ಮೇಲೆ ಮಾತ್ರ ಅತ್ತೆ, "ಏನೋ, ಹೊಸ ಕ್ಯಾಮೆರಾನಾ?" ಅಂತ ಕೇಳಿದರು.

ನಾನು ಯಾವ ತರದ ಫೋಟೊಗ್ರಾಫರ್ ಅಂತ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಮಾತು ನಿಮಗೆ ಉಪಯೋಗಕ್ಕೆ ಬರಲಿಕ್ಕಿಲ್ಲ. ಹಕ್ಕಿ, ಹುಲಿ ತೆಗೆಯುವವನಲ್ಲ. ನೆಂಟರಿಷ್ಟರ ಮನೆಯ ಉಪನಯನ, ಸೀಮಂತ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಇಷ್ಟೇ. ಸಂಭಾವನೆ ಅಂದರೆ ಊಟ ಮತ್ತು ಎರಡು ಹೋಳಿಗೆ ಹೆಚ್ಚು. ಮಲೆನಾಡಿನ ಮನೆಗಳು: ಒಳಗೆ ಬೆಳಕು ಕಮ್ಮಿ, ಮೂಲೆಯಲ್ಲೊಂದು ಎಲ್‌ಇಡಿ ಬಲ್ಬು, ಮೇಲೆ ಹೆಂಚು.

ಇದಕ್ಕೂ ಮೊದಲು ಅಗ್ಗದ ಒಂದು ಫ್ಲಾಶ್ ಇತ್ತು. ಹೆಸರು ಬೇಡ. ಒಂದು ಫೋಟೊ ಸುಣ್ಣ ಬಳಿದಂತೆ ಬೆಳ್ಳಗೆ, ಮುಂದಿನದು ಕಪ್ಪು. ಕಡೆಗೆ ಅದರ ಕಾಲು, ಕ್ಯಾಮೆರಾ ತಲೆ ಮೇಲೆ ಫ್ಲಾಶ್ ಸಿಕ್ಕಿಸುವ ಹಾಟ್ ಶೂನಲ್ಲೇ ಮುರಿದುಕೊಂಡಿತು. ಡಬ್ಬದ ಮೇಲೆ ಗೈಡ್ ನಂಬರ್ (ಫ್ಲಾಶ್‌ನ ಬಲದ ಲೆಕ್ಕ) 60 ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಎಸ್‌ಬಿ-700ರದ್ದು 28 ಅಂತ ನೋಡಿ "ಅರ್ಧಕ್ಕಿಂತ ಕಮ್ಮಿಯಲ್ವಾ" ಅಂತ ಹಿಂಜರಿಯುವವರಿದ್ದಾರೆ. 60 ಅನ್ನುವ ಲೆಕ್ಕ ಸಾಮಾನ್ಯವಾಗಿ ಫ್ಲಾಶ್‌ನ ತಲೆ 200 ಎಂಎಂ ಜೂಮ್‌ನಲ್ಲಿದ್ದಾಗ, ಅಂದರೆ ಬೆಳಕನ್ನು ಕಿರಿದು ಮಾಡಿ ಹೊಡೆಯುವಾಗ ಬರುವಂಥದ್ದು. ನಿಕಾನ್ ಹೇಳುವ 28 ಮೀಟರು 35 ಎಂಎಂ ಜೂಮ್‌ನಲ್ಲಿ, ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 100ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು. ಲೆನ್ಸಿನ ಕಿಂಡಿ ಎಫ್/4ರಲ್ಲಿದ್ದರೆ 28ನ್ನು 4ರಿಂದ ಭಾಗಿಸಿ, 7 ಮೀಟರು; ಬೆಳಕು ಸಾಕಾಗುವ ದೂರ ಅದು. ಐಎಸ್‌ಒ 800ಕ್ಕೆ ಏರಿಸಿದರೆ ಅದೇ ಸುಮಾರು 20 ಮೀಟರು ಆಗುತ್ತದೆ. ಮನೆಯೊಳಗೆ ಅಷ್ಟು ದೂರ ನಿಲ್ಲಲು ಜಾಗವೇ ಇರುವುದಿಲ್ಲ.

ನಿಜವಾದ ಖುಷಿ ಇರುವುದು ನೇರ ಹೊಡೆಯುವುದರಲ್ಲಲ್ಲ, ತಲೆ ತಿರುಗಿಸುವುದರಲ್ಲಿ. ಮೇಲಕ್ಕೆ 90 ಡಿಗ್ರಿ, ಎಡಕ್ಕೂ ಬಲಕ್ಕೂ 180. ಅಂದರೆ ಬೆಳಕನ್ನು ನನ್ನ ಬೆನ್ನ ಹಿಂದಿನ ಗೋಡೆಗೂ ಹೊಡೆಯಬಹುದು. ಫ್ಲಾಶ್‌ನ ಗಾಜು ಬೆರಳೆರಡರಷ್ಟು ಅಗಲ, ಅದರಿಂದ ನೇರ ಬಂದ ಬೆಳಕು ಮೂಗಿನ ಪಕ್ಕ ಚೂಪು ನೆರಳು ಬಿಡುತ್ತದೆ. ಅದೇ ಬೆಳಕು ಬಿಳಿ ಸೀಲಿಂಗ್‌ಗೆ ಬಡಿದು ಇಳಿದರೆ ಸೀಲಿಂಗೇ ದೊಡ್ಡ ದೀಪವಾಗುತ್ತದೆ. ಪೇಟೆಯ ಆರ್‌ಸಿಸಿ ಮನೆಗಳಲ್ಲಿ ನನ್ನ ಸೆಟ್ಟಿಂಗ್ ಬದಲಾಗುವುದೇ ಇಲ್ಲ: ಎಂ ಮೋಡ್ (ಕ್ಯಾಮೆರಾದ್ದೆಲ್ಲ ನಾನೇ ಕೈಯಾರೆ ಇಡುವುದು), ಶಟರ್ 1/125, ಎಫ್/4, ಐಎಸ್‌ಒ 800, ಫ್ಲಾಶ್ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕು ಅಳೆದು ಕ್ಯಾಮೆರಾವೇ ಫ್ಲಾಶ್‌ನ ಬಲ ನಿರ್ಧರಿಸುವುದು). ಬಿಳಿ ಪಂಚೆಯವರು ಸಾಲಾಗಿ ಕೂತಿದ್ದರೆ ಮೀಟರು ಬೆಳ್ಳಗಿರುವುದನ್ನೆಲ್ಲ ಬೂದಿ ಮಾಡಲು ನೋಡುತ್ತದೆ, ಆಗ ಫ್ಲಾಶ್ ಕಾಂಪೆನ್ಸೇಶನ್ +0.7, ಅಂದರೆ ಬೆಳಕು ಸ್ವಲ್ಪ ಹೆಚ್ಚು.

ಹೋಮದ ಹೊತ್ತಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕ್ಯಾಮೆರಾ ಮೇಲಿಂದ ನೇರ ಫ್ಲಾಶ್ ಹೊಡೆದರೆ ಲೆನ್ಸಿನ ಮುಂದಿರುವ ಹೊಗೆಯೇ ಮೊದಲು ಬೆಳಗಿ, ಅದರ ಹಿಂದಿನ ವಟು, ಭಟ್ಟರು, ಕುಂಡ ಎಲ್ಲ ಮಂಜಿನಲ್ಲಿ ಕೂತಂತೆ ಕಾಣುತ್ತಾರೆ. ಬೆಳಕು ಪಕ್ಕದಿಂದ ಬಂದರೆ ಅದೇ ಹೊಗೆ ಎಳೆ ಎಳೆಯಾಗಿ ನಿಲ್ಲುತ್ತದೆ, ತುಪ್ಪ ಬಿದ್ದಾಗ ಏಳುವ ಜ್ವಾಲೆಯ ಬಣ್ಣವೂ ಉಳಿಯುತ್ತದೆ. ಮೊದಲಿನ ಫ್ಲಾಶ್ ಕಾಲದಲ್ಲಿ ನಮ್ಮ ಭಟ್ಟರು, "ತಮಾ, ಆ ಲೈಟು ಕಣ್ಣಿಗೆ ಹೊಡೀತು ಮಾರಾಯ" ಅಂತ ಮಂತ್ರದ ನಡುವೆಯೇ ಬೈದಿದ್ದರು. ಗೋಡೆಗೆ ಹೊಡೆಯಲು ಶುರು ಮಾಡಿದ ಮೇಲೆ ಅವರಿಂದ ಮಾತಿಲ್ಲ.

ಫಂಕ್ಷನ್ನಿನ ಹಿಂದಿನ ರಾತ್ರಿಯ ಕೆಲಸ ನನಗೆ ಫೋಟೊ ತೆಗೆಯುವಷ್ಟೇ ಇಷ್ಟ. ಎಸ್‌ಬಿ-700ಕ್ಕೆ ಬೇಕಾದದ್ದು ನಾಲ್ಕು ಪೆನ್ಸಿಲ್ ಸೆಲ್. ರೀಚಾರ್ಜ್ ಆಗುವ ನಿಕ್ಕಲ್ ಸೆಲ್‌ಗಳನ್ನು ನಾಲ್ಕು ನಾಲ್ಕರ ಸೆಟ್ ಮಾಡಿ, ಹೆಂಡತಿಯ ನೇಲ್ ಪಾಲಿಶ್‌ನಿಂದ ಚುಕ್ಕಿ ಇಟ್ಟಿದ್ದೇನೆ: ಕೆಂಪು ಸೆಟ್ಟು, ಗುಲಾಬಿ ಸೆಟ್ಟು. ಒಂದು ಸೆಟ್ಟಿನ ಸೆಲ್ ಇನ್ನೊಂದಕ್ಕೆ ಸೇರಬಾರದು. ನಾಲ್ಕರಲ್ಲಿ ಒಂದು ಸೋತರೂ ಫ್ಲಾಶ್ ಚಾರ್ಜ್ ಆಗುವುದು ನಿಧಾನವಾಗುತ್ತದೆ, ಯಾವುದು ಸೋತದ್ದು ಅಂತ ಹುಡುಕುವುದು ತಲೆನೋವು. ನಾಲ್ಕೂ ಸೆಲ್ಲನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವ ಚಾರ್ಜರ್ ತಗೊಳ್ಳಿ. ಅಂಗಡಿಯ ಮಾಮೂಲಿ ಆಲ್ಕಲೈನ್ ಸೆಲ್ 1.5 ವೋಲ್ಟ್, ಇವು 1.2 ವೋಲ್ಟ್ ಅಂತ ಅನುಮಾನ ಪಡಬೇಡಿ. ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುವ ಕೆಲಸಕ್ಕೆ ಇವೇ ಸರಿ.

ಇಲ್ಲಿಯವರೆಗೆ ಹೊಗಳಿದ್ದೆಲ್ಲ ಪೇಟೆ ಮನೆಯ ಕಥೆ. ಊರಿಗೆ ಬನ್ನಿ.

ಹೆಂಚಿನ ಮಾಡಿಗೆ ಫ್ಲಾಶ್ ಹೊಡೆದರೆ ಮೂರು ತೊಂದರೆ ಒಟ್ಟಿಗೆ. ಮಾಡು ಎತ್ತರ, ಇಳಿಜಾರು ಬೇರೆ, ಬೆಳಕು ಎತ್ತಲೋ ಹೋಗುತ್ತದೆ. ಹೊಗೆ ಹಿಡಿದ ಹೆಂಚು, ಪಕಾಸಿ (ಮಾಡಿನ ಮರದ ಪಟ್ಟಿ) ಎಲ್ಲ ಬೆಳಕನ್ನು ನುಂಗುತ್ತವೆ. ವಾಪಸ್ ಬಂದ ಅಷ್ಟಿಷ್ಟೂ ಕೆಂಪು. ಮದುಮಗಳ ಅರಿಶಿನ ಹಚ್ಚಿದ ಕೆನ್ನೆ ಆ ಬೆಳಕಿನಲ್ಲಿ ಇಟ್ಟಿಗೆ ಬಣ್ಣ. ಮರದ ಮುಚ್ಚಿಗೆ ಇರುವ ಮನೆಯಲ್ಲಿ ಕೆಂಪಿನ ಬದಲು ಕಂದು, ಅಂಗಳದ ಗುಲಾಬಿ ಶಾಮಿಯಾನದಡಿಯಲ್ಲಿ ಎಲ್ಲರೂ ಗುಲಾಬಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ಮುಖ ಸರಿಹೋಗಿ, ಹಿಂದಿನ ಕಿಟಕಿ ನೀಲಿಯಾಗುತ್ತದೆ. ಸಾಲದ್ದಕ್ಕೆ ಪ್ರತಿ ಸಲವೂ ಪೂರ್ತಿ ಪವರ್ ಸುರಿಯುವುದರಿಂದ ಮುಂದಿನ ಹೊಡೆತಕ್ಕೆ ಕಾಯಬೇಕು. ಅಕ್ಷತೆ ನಿಮಗಾಗಿ ಕಾಯುವುದಿಲ್ಲ. ಇದರಲ್ಲಿ ಹೊರಗಿನ ಬ್ಯಾಟರಿ ಪ್ಯಾಕ್ ಸಿಕ್ಕಿಸುವ ಕಿಂಡಿಯೂ ಇಲ್ಲ. ಎಡೆಬಿಡದೆ ಹೊಡೆದರೆ ಬಿಸಿಯಾಗಿ ತಾನೇ ನಿಲ್ಲುವ ವ್ಯವಸ್ಥೆ ಬೇರೆ ಇದೆ. ಅದು ರಕ್ಷಣೆಗೇ ಇರುವುದು, ಒಪ್ಪಿದೆ, ಆದರೆ ಧಾರೆಯ ಹೊತ್ತಿನಲ್ಲಿ ಯಾರಿಗೆ ಬೇಕು ಅದು?

ಒಂದು ಕಾಲಕ್ಕೆ ಇದನ್ನು ಮಾರಿಬಿಡುವ ಮನಸ್ಸೂ ಬಂದಿತ್ತು. ಉಳಿಸಿದ್ದು ಡಿ7200ರ ತಲೆ ಮೇಲೆ ಏಳುವ ಪುಟ್ಟ ಫ್ಲಾಶ್. ಅದನ್ನು ಕಮಾಂಡರ್ ಮೋಡ್‌ಗೆ ಹಾಕಿದರೆ, ದೂರದಲ್ಲಿಟ್ಟ ಎಸ್‌ಬಿ-700ಕ್ಕೆ ಬೆಳಕಿನ ಮಿನುಗಿನಲ್ಲೇ ಆಜ್ಞೆ ಕೊಡುತ್ತದೆ, ಟಿಟಿಎಲ್ ಸಮೇತ. ಪ್ರತ್ಯೇಕ ಟ್ರಿಗರ್ ಬೇಡ. ಒಂದು ರೇಡಿಯೊ ಟ್ರಿಗರ್ ಕೂಡ ನೋಡಿದ್ದೆ, ಬೇಕಾದಾಗ ಹೊಡೆಯದೆ, ಬ್ಯಾಗಿನಲ್ಲಿದ್ದಾಗ ಹೊಡೆಯುತ್ತಿತ್ತು. ಈಗ ನನ್ನ ಪದ್ಧತಿ ಹೀಗೆ: ಅಕ್ಕನ ಮಗನ ಕೈಯಲ್ಲಿ ಫ್ಲಾಶ್, ಅವನ ಪಕ್ಕದ ಕಂಬಕ್ಕೆ ಒರಗಿಸಿದ ಬಿಳಿ ಥರ್ಮಾಕೋಲ್ ಹಲಗೆ. ಹಲಗೆ ಸಿಗದಿದ್ದರೆ ಮಡಿ ಕೋಲಿನ ಮೇಲೆ ಒಣಗಿದ ಬಿಳಿ ಪಂಚೆ, ಯಾರೂ ಬೇಡ ಅನ್ನುವುದಿಲ್ಲ. ಫ್ಲಾಶ್‌ನ ಪಕ್ಕದಲ್ಲಿರುವ ಸಣ್ಣ ಸೆನ್ಸರ್ ಕಿಂಡಿ ಕ್ಯಾಮೆರಾ ಕಡೆಗೆ, ತಲೆ ಹಲಗೆ ಕಡೆಗೆ. ಹುಡುಗನಿಗೆ ಈಗ ಹೇಳಿಕೊಡಬೇಕಾಗಿಲ್ಲ. ಮಾಡು ಯಾವ ಬಣ್ಣದ್ದಾದರೂ ಮುಖಕ್ಕೆ ಬೀಳುವುದು ಬಿಳಿ ಬೆಳಕು. ಅಂಗಳದ ಬಿಸಿಲಿನಲ್ಲಿ ಮಾತ್ರ ಈ ಮಿನುಗಿನ ಮಾತುಕತೆ ಕೈಕೊಡುತ್ತದೆ, ಕಂಬ ಅಡ್ಡ ಬಂದರೂ ಅಷ್ಟೇ. ಹೊರಗಿನ ಕೆಲಸವೇ ಹೆಚ್ಚಿರುವವರು ರೇಡಿಯೊ ಇರುವ ಫ್ಲಾಶನ್ನೇ ನೋಡಲಿ.

ಇನ್ನೊಂದು ಸಣ್ಣ ಸಂಗತಿ, ಆದರೆ ನನಗೆ ತುಂಬ ಉಪಕಾರವಾದದ್ದು. ನಿಜವಾದ ಫೋಟೊಕ್ಕೆ ಮುಂಚೆ ಟಿಟಿಎಲ್ ಅಳತೆಗಾಗಿ ಒಂದು ಮುನ್ಮಿಂಚು ಬಿಡುತ್ತದೆ. ಅಜ್ಜಿಯಂದಿರು ಅದಕ್ಕೇ ಕಣ್ಣು ಮುಚ್ಚಿ, ಫೋಟೊದಲ್ಲಿ ಧ್ಯಾನಕ್ಕೆ ಕೂತವರಂತೆ ಬರುತ್ತಾರೆ. ನಮಗೆ ಬೇಕಾದ ಕೆಲಸ ವಹಿಸಬಹುದಾದ ಕ್ಯಾಮೆರಾದ ಎಫ್‌ಎನ್ ಬಟನ್ನಿಗೆ ಎಫ್‌ವಿ ಲಾಕ್ (ಫ್ಲಾಶ್ ಅಳತೆಯನ್ನು ಹಿಡಿದಿಡುವುದು) ಕೊಟ್ಟಿಡಿ. ಒಮ್ಮೆ ಒತ್ತಿದರೆ ಅಳತೆಯ ಮಿಂಚು ಅಲ್ಲಿಗೇ ಮುಗಿಯಿತು. "ಆಯ್ತಾ ತಮಾ?" ಅಂತ ಅಜ್ಜಿ ಕಣ್ಣು ಬಿಟ್ಟಾಗ ಕ್ಲಿಕ್ ಮಾಡಿ.

ಮಳೆಗಾಲದಲ್ಲಿ ಸೆಲ್ ತೆಗೆದು, ಲೆನ್ಸುಗಳ ಜತೆ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ನಮ್ಮ ಕಡೆ ಚಪ್ಪಲಿಗೇ ಬೂಷ್ಟು ಬರುತ್ತದೆ, ಲೆನ್ಸ್ ಯಾವ ಲೆಕ್ಕ. ತಿಂಗಳಿಗೊಮ್ಮೆ ಸೆಲ್ ಹಾಕಿ ನಾಲ್ಕಾರು ಸಲ ಹೊಡೆಯುತ್ತೇನೆ, ಸುಮ್ಮನೆ ಬಿದ್ದಿದ್ದರೆ ಒಳಗಿನ ಕೆಪಾಸಿಟರ್ ಸೊರಗುತ್ತದೆ. ಆ ಹೊತ್ತಿಗೆ ಬೆಕ್ಕು ಜಗುಲಿ ಬಿಟ್ಟು ಓಡುತ್ತದೆ.

ಈಗ ದುಡ್ಡಿನ ಮಾತು. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗು ಅಂತ ತಂಗಿಯ ಗಂಡ ಹಿಂದೆ ಬಿದ್ದಿದ್ದಾರೆ. ನಿಕಾನ್‌ನ ಮಿರರ್‌ಲೆಸ್ ಆದ ಝಡ್ ಬಾಡಿಯ ಹಾಟ್ ಶೂಗೆ ಈ ಫ್ಲಾಶ್ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ನನ್ನ 85 ಎಂಎಂಗೆ ಸ್ವಂತ ಮೋಟರಿಲ್ಲ, ಹಳೇ ಲೆನ್ಸನ್ನು ಝಡ್‌ಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಹೋಯಿತು. ಝಡ್6ರಂಥ ಬಾಡಿಗಳಲ್ಲಿ ಪುಟ್ಟ ಫ್ಲಾಶೂ ಇಲ್ಲ, ಅಲ್ಲಿಗೆ ನನ್ನ ಕಮಾಂಡರ್ ಕಥೆ ಮುಗಿಯಿತು. ಕ್ಯಾಮೆರಾ ಕೊಳ್ಳುವ ಮುಂಚೆ ಲೆನ್ಸ್, ಫ್ಲಾಶ್ ಎರಡನ್ನೂ ಎದುರಿಗಿಟ್ಟುಕೊಂಡು ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಹೋಗುತ್ತದೆ ಅಂತ ಲೆಕ್ಕ ಹಾಕಿ. ಕ್ಯಾಮೆರಾ ಜತೆಗೇ ಬರುವ ಕಿಟ್ ಲೆನ್ಸ್ ಇರುವ ಹಳೇ ಬಾಡಿಯಲ್ಲೇ ಇದ್ದು, ಮನೆಯೊಳಗಿನ ಫೋಟೊ ಚೆನ್ನಾಗಿ ಬರುತ್ತಿಲ್ಲ ಅನ್ನುವವರಿಗೆ ನಾನು ಹೇಳುವುದು ತಲೆ ತಿರುಗುವ ಒಂದು ಫ್ಲಾಶ್, ಆಮೇಲೆ 35 ಎಂಎಂ, ಬಾಡಿ ಕಟ್ಟಕಡೆಗೆ. ಮದುವೆ ಫೋಟೊಗ್ರಫಿಯನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಲಿಥಿಯಂ ಬ್ಯಾಟರಿಯ ಫ್ಲಾಶ್ ಮೇಲು, ಅವರಿಗೆ ಸೆಲ್ಲಿಗೆ ನೇಲ್ ಪಾಲಿಶ್ ಹಚ್ಚುತ್ತ ಕೂರಲು ಪುರುಸೊತ್ತಿರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಸೆಲ್ ಹಾಕುವ ಜಾಗದಲ್ಲಿ ಹಸಿರು ತುಕ್ಕು ಇದೆಯಾ ನೋಡಿ. ಮ್ಯಾನುಯಲ್ 1/1ರಲ್ಲಿ (ಪೂರ್ತಿ ಪವರ್) ಕೆಲವು ಸಲ ಹೊಡೆದು, ಮತ್ತೆ ರೆಡಿ ಅನ್ನುವ ಕೆಂಪು ದೀಪ ಎಷ್ಟು ಬೇಗ ಬರುತ್ತದೆ ಗಮನಿಸಿ. ತಲೆ ಪ್ರತಿ ಮೆಟ್ಟಿಲಲ್ಲೂ ಕಟಕ್ ಅಂತ ಕೂರಬೇಕು. ಜತೆಗೆ ಬೆಳಕು ಹರಡುವ ಬಿಳಿ ಡೋಮ್, ಹಳದಿ ಬಲ್ಬಿನ ಮನೆಗೆ ಹಾಕುವ ಕಿತ್ತಳೆ ಫಿಲ್ಟರ್ ಬಂದಿರಬೇಕು, ಕೇಳಿ ತಗೊಳ್ಳಿ. ಹೆಚ್ಚಿನವರು ಫಿಲ್ಟರ್ ಕಳೆದುಕೊಂಡಿರುತ್ತಾರೆ, ಇಲ್ಲ ಅಂದರೆ ಸ್ವಲ್ಪ ಚೌಕಾಸಿ ಮಾಡಿ.