ಪ್ರಬಂಧ ಬರೆಸೋದು ತರಗತಿಯಲ್ಲೋ, ಮನೆಯಲ್ಲೋ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಮನೆಯಿಂದ ಬರುವ ಪ್ರಬಂಧ ಯಾರದ್ದು ಅಂತ ಹೇಳುವುದೇ ಕಷ್ಟ. ಧಾರವಾಡದ ನನ್ನ ಪಿಯು ಮಕ್ಕಳಿಗೆ ‘ನಮ್ಮೂರ ಸಂತೆ’ ಬರೆದುಕೊಂಡು ಬನ್ನಿ ಅಂದೆ. ಅರ್ಧ ಮಂದಿಯ ಸಂತೆ ‘ಗ್ರಾಮೀಣ ಬದುಕಿನ ಜೀವನಾಡಿ’ಯೇ ಆಗಿತ್ತು! ಅದನ್ನೇ ತರಗತಿಯಲ್ಲಿ ಪೆನ್ನು ಹಿಡಿಸಿ ಬರೆಸಿದೆ. ಒಬ್ಬಳು ಬರೆದಳು: ‘ಅವ್ವ ಬದನೆಕಾಯಿ ತೂಗುವಾಗ ಒಂದು ಜಾಸ್ತಿನೇ ಹಾಕ್ತಾಳ.’ ‘ತೂಗುವಾಗ’ದ ಹಿಂದೆ ಎರಡು ಪದ ಹೊಡೆದು ಹಾಕಿದ್ದಳು. ಅವಳು ಯೋಚಿಸಿದ್ದು ಅಲ್ಲೇ ಕಾಣುತ್ತದೆ, ಅಲ್ವಾ?

ಆದರೆ ಒಂದು ಪೀರಿಯಡ್‌ನಲ್ಲಿ ತಿದ್ದಿ ಬರೆಯಲು ಆಗುವುದಿಲ್ಲ. ನಿಧಾನಕ್ಕೆ ಬರೆಯುವವರು ಸುಮ್ನೆ ಗಾಬರಿಯಾಗುತ್ತಾರೆ. ನಾಲ್ಕು ಜನರನ್ನು ಮಾತಾಡಿಸಿ ಬರೆಯುವಂಥದ್ದಕ್ಕೆ ಮನೆಯೇ ಸರಿ. ಕಾಗೆ ಕಾಲಿನ ಅಕ್ಷರ ಓದುವ ನಮ್ಮ ಪಾಡು ಬೇರೆ!

ನಾನಾದರೆ ಮೊದಲ ಕರಡನ್ನು ತರಗತಿಯಲ್ಲೇ ಬರೆಸುತ್ತೇನೆ. ತಿದ್ದಿದ ಪ್ರತಿ ಮನೆಯಿಂದ ಬರಲಿ, ಕರಡಿಗೆ ಪಿನ್ ಹೊಡೆದು.