ಇ-ಮೇಲ್‌ನಲ್ಲಿ ತರಿಸಿಕೊಂಡ ಅಂತರಜಾಲ: ಶಿರಸಿಯಿಂದ ಬಳಸಿದ ಸೇವೆಗಳ ವಿಮರ್ಶೆ

1990ರ ದಶಕದಲ್ಲಿ, ಪೂರ್ಣ ಅಂತರಜಾಲ ಸಂಪರ್ಕವಿಲ್ಲದೆ ಬರೀ ಇ-ಮೇಲ್ ಖಾತೆಯನ್ನಷ್ಟೇ ಹೊಂದಿದ್ದವರ ಉಪಯೋಗಕ್ಕೆಂದು ಕೆಲವು ಸೇವೆಗಳಿದ್ದವು. ಬೇಕಾದ ಕಡತದ ಹೆಸರನ್ನೋ ಜಾಲಪುಟದ ವಿಳಾಸವನ್ನೋ ಪತ್ರದಲ್ಲಿ ಬರೆದು ಹೊರದೇಶದ ಸರ್ವರ್ ಒಂದಕ್ಕೆ ಕಳಿಸಿದರೆ, ಅದು ನಮ್ಮ ಪರವಾಗಿ ಹುಡುಕಿ ತೆಗೆದು ಮರುಟಪಾಲಿನಲ್ಲಿ ಕಳಿಸಿಕೊಡುತ್ತಿತ್ತು. ಪೇಟೆಗೆ ಹೊರಟವರ ಕೈಗೆ ಚೀಟಿ ಕೊಟ್ಟು ಸಾಮಾನು ತರಿಸಿಕೊಳ್ಳುವ ನಮ್ಮ ಘಟ್ಟದ ಮೇಲಿನ ಹಳ್ಳಿಗಳ ರೂಢಿಗೆ ಇದು ತೀರ ಹತ್ತಿರದ್ದು. ಶಿರಸಿಯಲ್ಲಿದ್ದುಕೊಂಡು ಇವುಗಳಲ್ಲಿ ಹಲವನ್ನು ಬಳಸಿದವನಾಗಿ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ತಡವಾಗಿಯಾದರೂ ಬರೆದಿಡುತ್ತಿದ್ದೇನೆ. ಉತ್ತರ ಎಷ್ಟು ಬೇಗ ಬಂತು ಎಂಬುದು ನನ್ನ ಅಳತೆಗೋಲಲ್ಲ. ಟೆಲಿಫೋನ್ ಲೈನಿನ ಮೇಲೆ ಎಷ್ಟು ನಿಮಿಷ ಹಿಡಿಯಿತು, ಆ ನಿಮಿಷಗಳಿಗೆ ತಕ್ಕದ್ದನ್ನು ಕೊಟ್ಟಿತೇ ಎಂಬುದಷ್ಟೇ ನನಗೆ ಮುಖ್ಯ.

ಇದಕ್ಕೆ ಕಾರಣವಿದೆ. 1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕ ಕೊಡಲಾರಂಭಿಸಿದಾಗ, ಸೆಕೆಂಡಿಗೆ 9.6 ಕಿಲೋಬಿಟ್ ವೇಗದ 250 ತಾಸುಗಳ ವೈಯಕ್ತಿಕ ಖಾತೆಗೆ 5,000 ರೂಪಾಯಿ ದರವಿತ್ತು. ದೊಡ್ಡ ನಗರದವರು ಅದರ ಮೇಲೆ ಸ್ಥಳೀಯ ಕರೆಯ ಖರ್ಚನ್ನಷ್ಟೇ ಕೊಡುತ್ತಿದ್ದರೆ, ನಾವು ಬೆಂಗಳೂರಿನ ಮೋಡೆಮ್ ಸಂಖ್ಯೆಗೆ ಎಸ್‌ಟಿಡಿ (ದೂರದೂರಿನ ದುಬಾರಿ ಕರೆ) ಮಾಡಬೇಕಿತ್ತು, ಪುಟ ತೆರೆದುಕೊಳ್ಳಲಿ ಎಂದು ಕಾಯುವ ಹೊತ್ತಿಗೂ ಮೀಟರ್ ಓಡುತ್ತಿತ್ತು. ಇ-ಮೇಲ್ ಖಾತೆಯಲ್ಲಾದರೆ ಕಾಯುವ ಕೆಲಸ ಬೆಂಗಳೂರಿನ ಯಂತ್ರದ್ದು. ನಾನು ಹೋಗುತ್ತಿದ್ದ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಒಂದು ಖಾಸಗಿ ಕಂಪನಿಯ ಇ-ಮೇಲ್ ಖಾತೆಯಿತ್ತು. ಹಗಲು ಬರೆದಿಟ್ಟ ಪತ್ರಗಳನ್ನೆಲ್ಲ ಅಂಗಡಿಯವರು ರಾತ್ರಿ ದರ ಇಳಿದ ಮೇಲೆ ಒಟ್ಟಿಗೆ ಕಳಿಸಿ, ಬಂದಿದ್ದ ಉತ್ತರಗಳನ್ನು ಅದೇ ಕರೆಯಲ್ಲಿ ಇಳಿಸಿಕೊಳ್ಳುತ್ತಿದ್ದರು. ಜೋರು ಮಳೆಗೆ ಮರ ಬಿದ್ದು ಲೈನು ಹೋದರೂ ಉತ್ತರಗಳು ಬೆಂಗಳೂರಿನ ಪೆಟ್ಟಿಗೆಯಲ್ಲಿ ಉಳಿದಿರುತ್ತಿದ್ದವು. ನಮ್ಮಂಥ ಊರಿಗೆ ಈ ಒಂದು ಗುಣ ಉಳಿದೆಲ್ಲ ಕೊರತೆಗಳನ್ನು ಮರೆಸುವಷ್ಟು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಮೊದಲು ಬಳಸಿದ್ದು ಎಫ್‌ಟಿಪಿಮೇಲ್. ಸಾರ್ವಜನಿಕ ಕಡತ ಸಂಗ್ರಹಗಳಿಂದ ತಂತ್ರಾಂಶ ಮತ್ತು ದಾಖಲೆಗಳನ್ನು ಇ-ಮೇಲ್ ಅಂಚೆಯಲ್ಲಿ ತರಿಸುವ ಈ ಸೇವೆಯನ್ನು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಲ್ಲರಿಗೂ ಉಚಿತವಾಗಿ ಕೊಡುತ್ತಿತ್ತು. ಯಾವ ಯಂತ್ರಕ್ಕೆ ಸಂಪರ್ಕಿಸಬೇಕು, ಯಾವ ಕೋಶಕ್ಕೆ ಹೋಗಬೇಕು, ಯಾವ ಕಡತ ತೆಗೆಯಬೇಕು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದು, ಕೊನೆಗೆ ಕ್ವಿಟ್ ಎಂದು ಮುಗಿಸಿದರೆ ಆಯಿತು. ಆದರೆ ಕಡತ ಎಲ್ಲಿದೆಯೆಂದು ಮೊದಲು ಗೊತ್ತಿರಬೇಕಲ್ಲ. ಅದಕ್ಕೆ ಆರ್ಚಿ ಇತ್ತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಹುಟ್ಟಿದ ಈ ಹುಡುಕು ಸೇವೆಗೆ ಕಡತದ ಹೆಸರಿನ ಒಂದು ತುಂಡು ಬರೆದು ಕಳಿಸಿದರೆ, ಆ ಹೆಸರು ಯಾವ್ಯಾವ ಯಂತ್ರಗಳ ಯಾವ್ಯಾವ ಕೋಶಗಳಲ್ಲಿದೆ ಎಂಬ ಪಟ್ಟಿ ಬರುತ್ತಿತ್ತು. ಕಡತದ ಒಳಗೇನಿದೆ ಎಂಬುದು ಆರ್ಚಿಗೆ ತಿಳಿಯದು. ಹೆಸರು ಗೊತ್ತಿಲ್ಲದವನಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ.

ಎಫ್‌ಟಿಪಿಮೇಲ್‌ನ ತೊಂದರೆ ಅಂಚೆಯ ಸ್ವಭಾವದಲ್ಲೇ ಇತ್ತು. ಅಂದಿನ ಇ-ಮೇಲ್ 7 ಬಿಟ್‌ಗಳ ಸಾದಾ ಅಕ್ಷರಗಳನ್ನಷ್ಟೇ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ನಂಬಿಕೆಯಿಂದ ಸಾಗಿಸುತ್ತಿದ್ದುದರಿಂದ, ತಂತ್ರಾಂಶದ ಕಡತವನ್ನು ಯುಯುಎನ್‌ಕೋಡ್ ಎಂಬ ಕ್ರಮದಲ್ಲಿ ಅಕ್ಷರಗಳಾಗಿ ಮಾರ್ಪಡಿಸಬೇಕಿತ್ತು. ಆ ಕ್ರಮದಲ್ಲಿ 3 ಬೈಟ್‌ಗಳು 4 ಅಕ್ಷರಗಳಾಗುತ್ತವೆ, ಸಾಲಿನ ಉದ್ದ ಹೇಳುವ ಗುರುತು ಮತ್ತು ಸಾಲಿನ ಕೊನೆ ಸೇರಿದರೆ 45 ಬೈಟ್‌ಗೆ 62 ಅಕ್ಷರ. ಅಂದರೆ 1.44 ಮೆಗಾಬೈಟಿನ ಒಂದು ಫ್ಲಾಪಿ ತುಂಬುವ ತಂತ್ರಾಂಶ ತರಿಸಿದರೆ ಇಪ್ಪತ್ತು ಲಕ್ಷಕ್ಕೂ ಮೀರಿದ ಅಕ್ಷರಗಳು. ಎಫ್‌ಟಿಪಿಮೇಲ್ ಅದನ್ನು 64,000 ಅಕ್ಷರಗಳಂತೆ ಕತ್ತರಿಸಿ 32 ಪತ್ರಗಳಾಗಿ ಕಳಿಸುತ್ತಿತ್ತು. 9.6 ಕಿಲೋಬಿಟ್ ಮೋಡೆಮ್ ಸೆಕೆಂಡಿಗೆ ಸುಮಾರು 960 ಅಕ್ಷರ ತರುತ್ತದೆ, ಹಾಗಾಗಿ ಲೈನು ಸ್ವಚ್ಛವಾಗಿದ್ದರೂ ಅರ್ಧ ತಾಸಿಗೂ ಹೆಚ್ಚಿನ ಎಸ್‌ಟಿಡಿ. ಆ ಪತ್ರಗಳು ಕ್ರಮವಾಗಿ ಬರುತ್ತಿರಲಿಲ್ಲ, ಕೈಯಿಂದ ಜೋಡಿಸಿಕೊಳ್ಳಬೇಕಿತ್ತು, ಒಂದು ತಪ್ಪಿದರೂ ಉಳಿದ 31 ಕಸ. ಅದರ ಮೇಲೆ ಇ-ಮೇಲ್ ಕಂಪನಿಯವರು ಪೆಟ್ಟಿಗೆಗೆ ಗಾತ್ರದ ಮಿತಿ ಹಾಕಿದ್ದರು. ಅದು ತುಂಬಿದ ಮೇಲೆ ಬಂದ ತುಂಡುಗಳು ಹಿಂದಿರುಗುತ್ತಿದ್ದವು, ಸಿಬ್ಬಂದಿಗೆ ಫೋನ್ ಮಾಡಿ ಕೇಳಿದರೆ, ಅಷ್ಟು ದೊಡ್ಡದನ್ನು ಏಕೆ ತರಿಸಿದಿರಿ ಎಂಬ ಪ್ರಶ್ನೆಯೇ ಉತ್ತರ. ನೂರು ಕಿಲೋಬೈಟಿನೊಳಗಿನ ಕಡತಗಳಿಗೆ ಎಫ್‌ಟಿಪಿಮೇಲ್ ಚೆನ್ನ. ಅದಕ್ಕಿಂತ ದೊಡ್ಡದಾದರೆ ಬೆಂಗಳೂರಿಗೆ ಹೋಗುವವರ ಬಳಿ ಫ್ಲಾಪಿ ಕೊಟ್ಟು ಕಳಿಸುವುದೇ ಅಗ್ಗವಾಗುತ್ತಿತ್ತು.

ಜಾಲಪುಟಗಳಿಗಾಗಿ ಇದ್ದದ್ದು ಅಗೋರಾ. ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಯಂತ್ರದಲ್ಲಿ ಅದು ನಡೆಯುತ್ತಿತ್ತು, ಜಪಾನಿನ ಕೃಷಿ ಸಂಶೋಧನಾ ಜಾಲದ ಯಂತ್ರವೊಂದರಲ್ಲಿಯೂ ಇತ್ತು. ಸೆಂಡ್ ಎಂದು ಬರೆದು ಮುಂದೆ ಪುಟದ ವಿಳಾಸ ಕೊಟ್ಟರೆ, ಚಿತ್ರಗಳನ್ನೆಲ್ಲ ಬಿಟ್ಟು ಬರೀ ಪಠ್ಯ ಬರುತ್ತಿತ್ತು. ಪುಟದೊಳಗಿನ ಪ್ರತಿ ಕೊಂಡಿಯ ಪಕ್ಕದಲ್ಲಿ ಕಂಸದೊಳಗೆ ಒಂದು ಅಂಕಿ, ಕೊನೆಯಲ್ಲಿ ಆ ಅಂಕಿಗಳಿಗೆ ಎದುರಾಗಿ ವಿಳಾಸಗಳ ಪಟ್ಟಿ. ಮುಂದಿನ ಪುಟ ಬೇಕಿದ್ದರೆ ಅಂಕಿಯನ್ನಷ್ಟೇ ಬರೆದು ಉತ್ತರಿಸಿದರೆ ಸಾಕು. ಇದು ನಿಜಕ್ಕೂ ಜಾಣ ವ್ಯವಸ್ಥೆ. ಹದಿನೈದು ಸಾವಿರ ಅಕ್ಷರಗಳ ಪುಟವೊಂದು ಹದಿನಾರು ಸೆಕೆಂಡುಗಳಲ್ಲಿ ಇಳಿಯುತ್ತಿತ್ತು, ಓದುವುದು ಲೈನು ಕಡಿದ ಮೇಲೆ. ಆದರೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗಲು ಒಂದು ರಾತ್ರಿ ಬೇಕಾಗುತ್ತಿದ್ದುದರಿಂದ, ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತಿರುವವರಿಗೆ ಮಾತ್ರ ಅಗೋರಾ ಒಗ್ಗುತ್ತಿತ್ತು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಬಗ್ಗೆ ನಮ್ಮ ಕಡೆಯ ತೋಟಿಗರೊಬ್ಬರ ಸಲುವಾಗಿ ಆ ರೋಗ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಫೈಟೊಫ್ತೊರಾದ ಪುಟಗಳನ್ನು ಅಂಕಿ ಹಿಡಿದು ತರಿಸುತ್ತ ಹೋದರೆ, ಬಂದದ್ದೆಲ್ಲ ಆಲೂಗಡ್ಡೆಯ ಅಂಗಮಾರಿ. ಅಷ್ಟರಲ್ಲಿ ಅವರು ಎಂದಿನಂತೆ ಬೋರ್ಡೋ ದ್ರಾವಣ ಹೊಡೆಸಿ ಮುಗಿಸಿದ್ದರು.

ಈ ಸರ್ವರ್‌ಗಳೆಲ್ಲಕ್ಕೂ ಇದ್ದ ಒಂದು ಸಣ್ಣ ಕಾಟವನ್ನು ಇಲ್ಲೇ ಹೇಳಬೇಕು. ಪತ್ರದ ಒಡಲಿನ ಪ್ರತಿ ಸಾಲನ್ನೂ ಅವು ಆಜ್ಞೆಯೆಂದೇ ಓದುತ್ತಿದ್ದವು. ಅಂಗಡಿಯ ತಂತ್ರಾಂಶ ಪ್ರತಿ ಪತ್ರದ ಕೆಳಗೆ ಅಂಗಡಿಯ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ತಾನಾಗಿಯೇ ಸೇರಿಸುತ್ತಿದ್ದುದರಿಂದ, ಅಂಗಡಿಯ ಹೆಸರು ಅರ್ಥವಾಗದ ಆಜ್ಞೆ, ಫೋನ್ ಸಂಖ್ಯೆಯೂ ಅರ್ಥವಾಗದ ಆಜ್ಞೆ ಎಂಬ ದೂರಿನ ಜೊತೆಗೆ ಇಡೀ ಸಹಾಯ ಕೈಪಿಡಿ ಮರಳಿ ಬರುತ್ತಿತ್ತು, ಅದನ್ನು ಇಳಿಸಿಕೊಳ್ಳಲೂ ಎಸ್‌ಟಿಡಿ ದುಡ್ಡು. ಮುಕ್ತಾಯದ ಆಜ್ಞೆಯನ್ನು ಮರೆಯದೆ ಬರೆದರೆ ಅದರ ಕೆಳಗಿನದನ್ನು ಸರ್ವರ್ ನೋಡುತ್ತಿರಲಿಲ್ಲ. ಇಂಥ ಸೂಕ್ಷ್ಮಗಳನ್ನೆಲ್ಲ ಬಾಬ್ ರ‍್ಯಾಂಕಿನ್ ಎಂಬ ಅಮೆರಿಕದ ಬರಹಗಾರರು ಒಂದು ಮಾರ್ಗದರ್ಶಿಯಲ್ಲಿ ಒಟ್ಟುಗೂಡಿಸಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇ-ಮೇಲ್ ಸರ್ವರ್‌ಗೆ ಒಂದು ಸಾಲು ಬರೆದರೆ ಆ ಮಾರ್ಗದರ್ಶಿಯೂ ಇ-ಮೇಲ್‌ನಲ್ಲೇ ಬರುತ್ತಿತ್ತು. ಈ ಪಟ್ಟಿಯಲ್ಲಿ ಯಾವ ಕೊರತೆಯನ್ನೂ ಹೇಳಲಾಗದ ವಸ್ತು ಅದೊಂದೇ.

ಅಗೋರಾದ ನಂತರದ ಪೀಳಿಗೆಯ ಎರಡು ಸೇವೆಗಳು ನಮ್ಮಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಹೃದ್ರೋಗ ತಜ್ಞ ಬರ್ನಾರ್ಡ್ ಲೋನ್ ಸ್ಥಾಪಿಸಿದ ಸಾಟೆಲ್‌ಲೈಫ್ ಸಂಸ್ಥೆ, ಬಡ ದೇಶಗಳ ವೈದ್ಯರಿಗಾಗಿ ನಡೆಸುತ್ತಿದ್ದ ತನ್ನ ಹೆಲ್ತ್‌ನೆಟ್ ಜಾಲದಲ್ಲಿ ಗೆಟ್‌ವೆಬ್ ಎಂಬ ಸೇವೆಯನ್ನು ಕೊಡುತ್ತಿತ್ತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1997ರ ಜೂನ್‌ನಲ್ಲಿ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಸೂಚಿಯನ್ನು ಎಲ್ಲರಿಗೂ ಉಚಿತವಾಗಿಸಿದ ಮೇಲೆ ಇದರ ಬೆಲೆ ಹೆಚ್ಚಿತು. ಹುಡುಕುವ ಪದಗಳನ್ನು ವಿಳಾಸದ ಬಾಲಕ್ಕೇ ಸೇರಿಸಿ ಕಳಿಸಿದರೆ, ವೈದ್ಯಕೀಯ ಲೇಖನಗಳ ಪಟ್ಟಿ ಪಠ್ಯವಾಗಿ ಬರುತ್ತಿತ್ತು. ಸಿದ್ದಾಪುರದ ಕಡೆಯ ವೈದ್ಯರೊಬ್ಬರು ಮಂಗನ ಕಾಯಿಲೆಯ ಬಗ್ಗೆ ಹೀಗೆ ತರಿಸಿಕೊಂಡರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗುಗಳಿಂದ ಹರಡುವ ಈ ಜ್ವರ ನಮ್ಮ ಜಿಲ್ಲೆಗೂ ಹೊಸದಲ್ಲ. ಲೇಖನಗಳ ಹೆಸರು ಬಂದವು, ಆದರೆ ಆ ಭಂಡಾರದಲ್ಲಿ 1975ಕ್ಕಿಂತ ಹಿಂದಿನ ಲೇಖನಗಳಿಗೆ ಆಗ ಸಾರಾಂಶವೇ ಇರಲಿಲ್ಲ, ಕಾಯಿಲೆಯ ಮೊದಲ ದಿನಗಳ ಸಂಶೋಧನೆಯೋ ಅದಕ್ಕಿಂತ ಹಿಂದಿನದು. ಇದು ಗೆಟ್‌ವೆಬ್‌ನ ದೋಷವಲ್ಲ, ಕೇಳಿದ್ದನ್ನು ಅದು ಚಾಚೂ ತಪ್ಪದೆ ತಂದಿತ್ತು. ಯಾವ ಪತ್ರಿಕೆಯ ಯಾವ ಸಂಪುಟ ಎಂಬುದು ತಿಳಿದದ್ದರಿಂದ ಅವರು ಮೂಲ ಲೇಖನಗಳಿಗೆ ಅಂಚೆ ಕಾರ್ಡು ಬರೆಯುವುದಾದರೂ ಸಾಧ್ಯವಾಯಿತು.

ಇನ್ನೊಂದು, ಡಬ್ಲ್ಯುಡಬ್ಲ್ಯುಡಬ್ಲ್ಯು-4-ಮೇಲ್. ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರು 1964ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಕಟ್ಟಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ, ಸಂಪರ್ಕ ಸೌಲಭ್ಯ ಕಡಿಮೆಯಿರುವ ದೇಶಗಳ ವಿಜ್ಞಾನಿಗಳಿಗಾಗಿ ಇದನ್ನು ಸಿದ್ಧಪಡಿಸಿತು. ಇದರಲ್ಲಿ ಅಂಕಿಗಳ ಗೋಜಿರಲಿಲ್ಲ. ಬಂದ ಪುಟವನ್ನು ಲೈನು ಕಡಿದು ಬ್ರೌಸರ್‌ನಲ್ಲಿ ತೆರೆದು, ಕೊಂಡಿಯ ಮೇಲೆ ಒತ್ತಿದರೆ, ಆ ಪುಟವನ್ನು ಕೇಳುವ ಪತ್ರ ತಾನಾಗಿಯೇ ಸಿದ್ಧವಾಗಿ ಸರದಿಯಲ್ಲಿ ನಿಲ್ಲುತ್ತಿತ್ತು. ಬೇಕೆನಿಸಿದ ಕೊಂಡಿಗಳನ್ನೆಲ್ಲ ಒತ್ತಿಟ್ಟು ರಾತ್ರಿ ಒಟ್ಟಿಗೆ ಕಳಿಸಬಹುದಿತ್ತು. ಜಾಲಪುಟ ತರುವ ಸೇವೆಗಳಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಕಾಣಲಿಲ್ಲ.

ಇಷ್ಟಾದರೂ, ಬೇರೆ ಬಗೆಯ ಜಾಲವನ್ನು ಅಂಚೆಯೊಳಗೆ ತುರುಕಿದ ಈ ಸೇವೆಗಳಿಗಿಂತ ಮೊದಲಿನಿಂದಲೇ ಅಂಚೆಗಾಗಿ ಹುಟ್ಟಿದ ಸೇವೆಗಳು ಒಂದು ಕೈ ಮೇಲು ಎಂದು ನನಗನ್ನಿಸಿದೆ. 1985ರಲ್ಲಿ ಶುರುವಾದ ನೆಟ್‌ಲಿಬ್ ಅಂಥದ್ದು. ಗಣಿತದ ಲೆಕ್ಕಗಳಿಗೆ ಬೇಕಾದ, ಫೋರ್ಟ್ರಾನ್ ಎಂಬ ಗಣಕ ಭಾಷೆಯ ಕ್ರಮವಿಧಿಗಳನ್ನು ಅದು ಇ-ಮೇಲ್‌ನಲ್ಲಿ ಹಂಚುತ್ತಿತ್ತು. ಒಂದು ಕ್ರಮವಿಧಿ ಕೇಳಿದರೆ, ಅದು ಒಳಗೊಳಗೆ ಕರೆಯುವ ಉಳಿದ ಕ್ರಮವಿಧಿಗಳನ್ನೂ ಹುಡುಕಿ ಜೊತೆಗಿಟ್ಟು ಕಳಿಸುತ್ತಿತ್ತು. ಕೇಳುವವನಿಗೆ ಮತ್ತೊಮ್ಮೆ ಕೇಳುವುದು ಸುಲಭವಲ್ಲ ಎಂಬ ಎಚ್ಚರ ಅದನ್ನು ಕಟ್ಟಿದವರಿಗಿತ್ತು, ಅಗೋರಾದಲ್ಲಿ ಇಲ್ಲದ್ದು ಇದೇ ಎಚ್ಚರ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಆರಂಭಿಸಿದ, ಈಗ ಆರ್ಕೈವ್ ಎಂದು ಹೆಸರಾದ ಭೌತವಿಜ್ಞಾನ ಲೇಖನಗಳ ಭಂಡಾರವೂ ಮೊದಲು ನಡೆದದ್ದು ಇ-ಮೇಲ್‌ನಲ್ಲೇ. ಹೊಸ ಲೇಖನಗಳ ಹೆಸರು ಮತ್ತು ಸಾರಾಂಶಗಳ ಪಟ್ಟಿ ಚಂದಾದಾರರಿಗೆ ತಾನಾಗಿ ಬರುತ್ತಿತ್ತು. ಬೇಕಾದ ಲೇಖನದ ಸಂಖ್ಯೆಯನ್ನು ಗೆಟ್ ಎಂಬ ಪದದೊಂದಿಗೆ ವಿಷಯದ ಸಾಲಿನಲ್ಲಿ ಬರೆದರೆ ಇಡೀ ಲೇಖನ ಟೆಕ್ ರೂಪದಲ್ಲಿ ಬರುತ್ತಿತ್ತು. ಗಣಿತ ಸೂತ್ರಗಳಿರುವ ಬರಹವನ್ನು ಅಚ್ಚಿಗೆ ಅಣಿಗೊಳಿಸುವ ಕ್ರಮವಾದ ಟೆಕ್ ಎಂದರೆ ಸಾದಾ ಅಕ್ಷರಗಳೇ ಆದ್ದರಿಂದ ಎನ್‌ಕೋಡ್ ಮಾಡಿ ಉಬ್ಬಿಸುವ ಪ್ರಮೇಯವಿಲ್ಲ, ಆಕೃತಿಗಳಿದ್ದರೆ ಮಾತ್ರ ಆ ಹಳೆಯ ತೊಡಕು. ನಮ್ಮೂರಿನ ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ಗ್ರಂಥಾಲಯದಲ್ಲಿ ಒಂದೂ ವಿದೇಶಿ ಸಂಶೋಧನಾ ಪತ್ರಿಕೆಯಿಲ್ಲದ ಕಾಲೇಜಿನಲ್ಲಿದ್ದುಕೊಂಡು, ಅಮೆರಿಕದ ವಿಶ್ವವಿದ್ಯಾಲಯಗಳವರು ಓದುತ್ತಿದ್ದ ಪಟ್ಟಿಯನ್ನೇ ಒಂದೆರಡು ದಿನಗಳ ಅಂತರದಲ್ಲಿ ಓದುತ್ತಿದ್ದರು. ದಿನದ ಪಟ್ಟಿಯನ್ನು ಇ-ಮೇಲ್‌ನಲ್ಲಿ ಕಳಿಸುವ ಕ್ರಮವನ್ನು ಆರ್ಕೈವ್ ಇಂದಿಗೂ ಬಿಟ್ಟಿಲ್ಲ.

ಕನ್ನಡಕ್ಕೆ ಇವುಗಳಲ್ಲಿ ಯಾವುದರಲ್ಲೂ ಜಾಗವಿರಲಿಲ್ಲ. 7 ಬಿಟ್‌ಗಳ ಅಂಚೆಯಲ್ಲಿ ಡಿಟಿಪಿ ಅಂಗಡಿಯ ಕನ್ನಡ ಫಾಂಟಿನ ಅಕ್ಷರಗಳು ಚೂರುಚೂರಾಗುತ್ತಿದ್ದವು. ಕಡತವನ್ನೇ ಯುಯುಎನ್‌ಕೋಡ್ ಮಾಡಿ ಕಳಿಸಿ, ಆಚೆ ಕಡೆಯವರ ಬಳಿಯೂ ಅದೇ ಫಾಂಟ್ ಇದ್ದರೆ ಮಾತ್ರ ಓದಲಾಗುತ್ತಿತ್ತು, ಇಲ್ಲದಿದ್ದರೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವುದೇ ಗತಿ.

ಗುಟ್ಟಿನ ಮಾತನ್ನು ಇವುಗಳಿಂದ ನಿರೀಕ್ಷಿಸುವಂತಿಲ್ಲ. ಯಾರು ಏನು ಕೇಳಿದರು ಎಂಬುದು ಸರ್ವರ್ ನಡೆಸುವವರಿಗೂ, ನಮ್ಮ ವಿಷಯದಲ್ಲಿ ಡಿಟಿಪಿ ಅಂಗಡಿಯವರಿಗೂ, ತೆರೆದಿಟ್ಟ ಪುಸ್ತಕ. ಉಚಿತ ಸೇವೆಯಾದ್ದರಿಂದ ನಿಂತುಹೋದರೆ ಕೇಳುವ ಹಕ್ಕೂ ಇಲ್ಲ, ಹೆಚ್ಚಿನವು ಮುನ್ಸೂಚನೆಯಿಲ್ಲದೆ ನಿಂತವು.

ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಬಂದು ಸ್ಥಳೀಯ ಕರೆಯಲ್ಲೇ ಅಂತರಜಾಲ ಸಿಗತೊಡಗಿದ ಮೇಲೆ ಎಫ್‌ಟಿಪಿಮೇಲ್ ಮತ್ತು ಅಗೋರಾಗಳ ಅಗತ್ಯ ಕಳೆಯಿತು. ಟ್ರಿಯೆಸ್ಟೆಯ ಸೇವೆಯನ್ನು ಮಾತ್ರ ನಾನು ಆಮೇಲೂ ಮಳೆಗಾಲದಲ್ಲಿ ಬಳಸುತ್ತಿದ್ದೆ. ಲೈನು ಕರಕರ ಎನ್ನುವ ದಿನಗಳಲ್ಲಿ ಬ್ರೌಸರ್‌ನಲ್ಲಿ ಅರ್ಧ ಬಂದ ಪುಟ ಸಂಪರ್ಕ ಕಡಿದರೆ ಅಲ್ಲಿಗೇ ನಿಲ್ಲುತ್ತಿತ್ತು, ಪತ್ರಗಳಾಗಿ ಬಂದದ್ದರಲ್ಲಿ ಆ ಹೊತ್ತಿಗೆ ಇಳಿಯುತ್ತಿದ್ದ ಒಂದನ್ನು ಬಿಟ್ಟು ಉಳಿದವು ಯಂತ್ರದೊಳಗೆ ಸೇರಿಯಾಗಿರುತ್ತಿದ್ದವು.