ಕೇರಳ ವಿಧಾನಸಭೆಯ ಸಬ್ಜೆಕ್ಟ್ ಕಮಿಟಿ: ಕಾಸರಗೋಡಿನ ಬಳಕೆದಾರನೊಬ್ಬನ ವಿಮರ್ಶೆ

ಮಸೂದೆಯೊಂದು ವಿಧಾನಸಭೆಯಲ್ಲಿ ಮಂಡನೆಯಾದ ಮೇಲೆ, ಕಾನೂನಾಗುವ ಮೊದಲು, ಅದನ್ನು ಕುಳಿತು ಓದಿ ತಿದ್ದುವ ಸಮಿತಿಯನ್ನು ನಾನು ನಾಗರಿಕರಿಗೆ ಸಲ್ಲಬೇಕಾದ ಒಂದು ಸಾರ್ವಜನಿಕ ಸೇವೆಯೆಂದೇ ಭಾವಿಸಿದ್ದೇನೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿದವನಾಗಿ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳ ನೆರೆಯಲ್ಲಿ ಬಾಳುವವನಾಗಿ, ಶಿಕ್ಷಣ ಮತ್ತು ಕಾರ್ಮಿಕ ವಿಷಯಗಳ ಮಸೂದೆಗಳನ್ನು ಓದುವ ಅಭ್ಯಾಸವನ್ನು ಬಹುಕಾಲದಿಂದ ಇಟ್ಟುಕೊಂಡಿದ್ದೇನೆ. ಆ ಓದಿನ ಬಲದಿಂದ ಈ ಸೇವೆಯ ಗುಣವನ್ನೂ ಕೊರತೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಗುಣದಿಂದಲೇ ಆರಂಭಿಸುವುದು ನ್ಯಾಯ. ಇಲಾಖೆಗಳನ್ನು ಹಂಚಿಕೊಂಡು ಪರಿಶೀಲಿಸುವ ಸಬ್ಜೆಕ್ಟ್ ಕಮಿಟಿಗಳ ಪದ್ಧತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಕೇರಳ. ಅದು 1980ರಲ್ಲಿ, ಸಂಸತ್ತು ಇಂಥ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಪೂರ್ಣ ರೂಪದಲ್ಲಿ ಆರಂಭಿಸಿದ್ದು 1993ರಲ್ಲಿ. ಆರಂಭದಲ್ಲಿ 10 ಇದ್ದ ಕೇರಳದ ಸಮಿತಿಗಳು ಈಗ 14 ಆಗಿವೆ. ಆರನೆಯದು ಶಿಕ್ಷಣಕ್ಕೆ, ಏಳನೆಯದು ವಿದ್ಯುತ್ ಮತ್ತು ಕಾರ್ಮಿಕ ಕ್ಷೇಮಕ್ಕೆ ಸಂಬಂಧಿಸಿದ್ದು. ಮಸೂದೆಯ ತತ್ತ್ವದ ಬಗ್ಗೆ ಸದನದಲ್ಲಿ ಸಾಮಾನ್ಯ ಚರ್ಚೆ ಮುಗಿದ ಬಳಿಕ ಅದು ಸಮಿತಿಗೆ ಹೋಗುತ್ತದೆ, ಅಲ್ಲಿ ಸದಸ್ಯರು ಒಂದೊಂದು ಖಂಡವನ್ನೂ (ಮಸೂದೆಯ ಕಲಮನ್ನೂ) ಬಿಡಿಸಿ ನೋಡುತ್ತಾರೆ, ಒಪ್ಪದ ಸದಸ್ಯರು ತಮ್ಮ ಭಿನ್ನಾಭಿಪ್ರಾಯವನ್ನು ಬರೆದು ವರದಿಗೆ ಲಗತ್ತಿಸುತ್ತಾರೆ, ಆಮೇಲೆ ಮಸೂದೆ ಮರಳಿ ಸದನಕ್ಕೆ ಬರುತ್ತದೆ. ಸದನದ ಗದ್ದಲದ ನಡುವೆ ನಿಮಿಷಗಳಲ್ಲಿ ಮಸೂದೆಗಳು ಅಂಗೀಕಾರವಾಗುವುದನ್ನು ಟಿ.ವಿ.ಯಲ್ಲಿ ನೋಡಿ ಬೇಸತ್ತವರಿಗೆ, ಹೀಗೆ ಓದುವ ಒಂದು ಕೋಣೆ ಇದೆಯೆಂಬುದೇ ದೊಡ್ಡ ಸಮಾಧಾನ.

ಮಂಡಿಸಿದ ರೂಪದ ಮಸೂದೆಯನ್ನೂ ಸಮಿತಿ ವರದಿ ಮಾಡಿದ ರೂಪವನ್ನೂ ಮೇಜಿನ ಮೇಲೆ ಜೊತೆಯಲ್ಲಿಟ್ಟು ಓದಿದರೆ ಈ ಕೆಲಸದ ಬೆಲೆ ತಿಳಿಯುತ್ತದೆ. ದಂಡದ ಮೊತ್ತ, ದೂರು ಕೊಡುವ ಅವಧಿ, ನಿಯಮ ರಚಿಸುವ ಅಧಿಕಾರ ಯಾರಿಗೆ ಎಂಬಂಥ, ಭಾಷಣಗಳಲ್ಲಿ ಎಂದೂ ಬಾರದ ಆದರೆ ಶಾಲೆಯ ಆಫೀಸಿನಲ್ಲಿ ಮತ್ತು ಕೆಲಸದ ಜಾಗದಲ್ಲಿ ದಿನವೂ ತಾಗುವ ಸಂಗತಿಗಳು ತೀರ್ಮಾನವಾಗುವುದು ಈ ಹಂತದಲ್ಲಿ. ಮಸೂದೆಯ ಕೊನೆಯಲ್ಲಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನೂ ಖರ್ಚಿನ ಅಂದಾಜು ಹೇಳುವ ಆರ್ಥಿಕ ಜ್ಞಾಪನವನ್ನೂ ಮೊದಲು ಓದಿ, ಆಮೇಲೆ ಭಿನ್ನಾಭಿಪ್ರಾಯ ಟಿಪ್ಪಣಿಗಳನ್ನು ಓದುವುದು ನನ್ನ ಕ್ರಮ. ಸರಕಾರ ಏನು ಮಾಡಹೊರಟಿದೆ, ಯಾರಿಗೆ ಎಲ್ಲಿ ಸಂಶಯವಿದೆ ಎಂಬುದು ಈ ಎರಡರ ನಡುವೆ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಆದರೆ ಈ ಸಮಿತಿಯ ಅಧ್ಯಕ್ಷಪೀಠದಲ್ಲಿ ಕೂರುವವರು ಆಯಾ ಇಲಾಖೆಯ ಸಚಿವರೇ. ಮಸೂದೆ ತಂದವರೇ ಅದರ ಪರಿಶೀಲನೆಯನ್ನು ನಡೆಸಿಕೊಡುವ ಈ ಏರ್ಪಾಟನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ. ಸಚಿವರು ಜೊತೆಯಲ್ಲಿದ್ದರೆ ತಿದ್ದುಪಡಿ ಬೇಗ ಆಗುತ್ತದೆ ಎಂಬ ವಾದವಿದೆ; ಅದರಲ್ಲಿ ಸತ್ಯಾಂಶವೂ ಇದೆ. ಸಂಸತ್ತಿನಲ್ಲಾದರೆ ಇಲಾಖಾವಾರು ಸ್ಥಾಯಿ ಸಮಿತಿಗಳಲ್ಲಿ ಸಚಿವರಿಗೆ ಸ್ಥಾನವಿಲ್ಲ. ಲೋಕಸಭೆಯ 21 ಮತ್ತು ರಾಜ್ಯಸಭೆಯ 10, ಒಟ್ಟು 31 ಸದಸ್ಯರು ಸೇರಿ ಅಧಿಕಾರಿಗಳನ್ನು, ಕಾರ್ಮಿಕ ಸಂಘಟನೆಗಳನ್ನು, ಮಾಲೀಕರ ಸಂಘಗಳನ್ನು ಕರೆಸಿ ಕೇಳುತ್ತಾರೆ, ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಆಹ್ವಾನಿಸುತ್ತಾರೆ. 2019ರಲ್ಲಿ ಮಂಡನೆಯಾದ ಔದ್ಯೋಗಿಕ ಸುರಕ್ಷತೆ, ಕೈಗಾರಿಕಾ ಸಂಬಂಧ ಮತ್ತು ಸಾಮಾಜಿಕ ಭದ್ರತೆಯ ಸಂಹಿತೆಗಳನ್ನು (ಹಳೆಯ ಹಲವು ಕಾರ್ಮಿಕ ಕಾನೂನುಗಳನ್ನು ಒಂದಾಗಿಸುವ ಮಸೂದೆಗಳನ್ನು) ಹೀಗೆಯೇ ಕಾರ್ಮಿಕ ಸ್ಥಾಯಿ ಸಮಿತಿ ತಿಂಗಳುಗಟ್ಟಲೆ ಪರಿಶೀಲಿಸಿತು. ಸಮಿತಿಯ 233 ಶಿಫಾರಸುಗಳ ಪೈಕಿ 174ನ್ನು ಒಪ್ಪಿಕೊಂಡಿದ್ದೇವೆಂದು ಅಂದಿನ ಕಾರ್ಮಿಕ ಸಚಿವರು ಹೇಳಿದ್ದರು. ಹಾಗೆಂದು ದೆಹಲಿಯ ಪದ್ಧತಿಗೆ ಪೂರ್ಣ ಅಂಕ ಕೊಡುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಂದದ್ದು ಹೊಸದಾಗಿ ಬರೆದ ಮಸೂದೆಗಳು. ಅವು ಮತ್ತೆ ಸಮಿತಿಗೆ ಹೋಗದೆ, ಪ್ರತಿಪಕ್ಷದವರು ಸಭೆಯನ್ನು ಬಹಿಷ್ಕರಿಸಿದ್ದ ಹೊತ್ತಿನಲ್ಲಿ, ಕೆಲವೇ ದಿನಗಳಲ್ಲಿ ಅಂಗೀಕಾರವಾದವು.

ಆ ಸಂಹಿತೆಗಳಲ್ಲೊಂದು ನಮ್ಮ ಕಡೆಯವರ ಬದುಕಿಗೆ ನೇರವಾಗಿ ತಾಗುವಂಥದ್ದು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ತನ್ನೊಳಗೆ ಸೇರಿಸಿಕೊಂಡು ರದ್ದುಪಡಿಸಿದ ಹಳೆಯ ಕಾನೂನುಗಳಲ್ಲಿ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯೂ ಸೇರಿದೆ. ಆ ಕಾಯ್ದೆಯನ್ನು ಕೇರಳ ಜಾರಿಗೆ ತರಲು ಹೊರಟಾಗ, 1968ರಲ್ಲಿ, ಮಂಗಳೂರಿನ ಬೀಡಿ ಮಾಲೀಕರು ಉತ್ತರ ಮಲಬಾರಿನ ತಮ್ಮ ಕೇಂದ್ರಗಳನ್ನು ಮುಚ್ಚಿದ್ದರಿಂದ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅದರಿಂದಲೇ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾನೂನಿನ ಒಂದು ಖಂಡ ಇಷ್ಟು ಮನೆಗಳ ಒಲೆಯನ್ನು ಆರಿಸಲೂ ಬಲ್ಲುದು, ಹೊತ್ತಿಸಲೂ ಬಲ್ಲುದು.

ನನ್ನ ನೆರೆಯ ಒಬ್ಬ ಅಕ್ಕ ಇಂದಿಗೂ ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಬೀಡಿ ಸುತ್ತಿ ನೂಲು ಕಟ್ಟುತ್ತಾರೆ. ಹೊಸ ಸಂಹಿತೆಯ ವಿಚಾರ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾಸ್ಟ್ರೇ, ಬೀಡಿ ಸರಿಯಿಲ್ಲ ಅಂತ, ನಾವು ಬೀಡಿ ಒಪ್ಪಿಸುವ ಬ್ರಾಂಚಿನವರು ತೆಗೆದಿಟ್ಟರೆ ಯಾರಲ್ಲಿ ಹೇಳುವುದು ಅಂತ ಇದರಲ್ಲಿ ಉಂಟಾ?" ಹಳೆಯ ಕಾಯ್ದೆಯ 39ನೆಯ ಪ್ರಕರಣವು ಎಲೆ, ಹೊಗೆಸೊಪ್ಪು ಕೊಡುವುದರ ಬಗ್ಗೆ, ತಿರಸ್ಕರಿಸಿದ ಬೀಡಿಯ ಬಗ್ಗೆ, ಅದರ ಕೂಲಿಯ ಬಗ್ಗೆ ಏಳುವ ತಕರಾರುಗಳನ್ನು ಇತ್ಯರ್ಥಪಡಿಸುವುದಕ್ಕೆಂದೇ ಇತ್ತು. ಒಂದು ಮಸೂದೆಯನ್ನು ಪರಿಶೀಲಿಸುವ ಸಮಿತಿ ಕೇಳಬೇಕಾದ ಪ್ರಶ್ನೆ ಇದೇ ಆಗಿತ್ತು, ಅದನ್ನು ಕೇಳಬಲ್ಲ ಇಂಥವರು ತಾವೇ ಸಮಿತಿಯ ಎದುರು ಹೋಗುವ ದಾರಿ ಮಾತ್ರ ಸುಲಭವಿರಲಿಲ್ಲ.

ಕೇರಳದ ಸಬ್ಜೆಕ್ಟ್ ಕಮಿಟಿಯ ವಿಚಾರದಲ್ಲಿ ನನ್ನ ಮುಖ್ಯ ದೂರು ಅದುವೇ. ಅದರ ಸಭೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ, ಕಾಲಾವಕಾಶವೂ ಕಡಿಮೆ. ಖಾಸಗಿ ವಿಶ್ವವಿದ್ಯಾನಿಲಯಗಳ ಮಸೂದೆ 2025ರ ಮಾರ್ಚ್ ಆರಂಭದಲ್ಲಿ ಮಂಡನೆಯಾಗಿ, ಸಮಿತಿಯನ್ನೂ ದಾಟಿ, ಅದೇ ತಿಂಗಳ 25ರಂದು ಅಂಗೀಕಾರವಾಯಿತು. ಒಂದು ರಾಜ್ಯದ ಉನ್ನತ ಶಿಕ್ಷಣದ ಸ್ವರೂಪವನ್ನೇ ಬದಲಿಸುವ ಕಾನೂನಿಗೆ ಮೂರು ವಾರ ಸಾಲದು ಎಂಬುದು, ಆ ಕಾನೂನನ್ನು ಬೆಂಬಲಿಸುವವರೂ ಒಪ್ಪಬೇಕಾದ ಮಾತು. ಅಂಗಡಿ ಕೆಲಸಗಾರರಿಗೆ, ಅದರಲ್ಲೂ ಜವಳಿ ಅಂಗಡಿಯ ಹೆಣ್ಣುಮಕ್ಕಳಿಗೆ, ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ಕೊಟ್ಟ 2018ರ ತಿದ್ದುಪಡಿ ಮೊದಲು ಬಂದದ್ದು ಸುಗ್ರೀವಾಜ್ಞೆಯ ರೂಪದಲ್ಲಿ, ಅಂದರೆ ಸದನವನ್ನಾಗಲಿ ಸಮಿತಿಯನ್ನಾಗಲಿ ಹಾಯದೆ. ಆ ಕಾನೂನು ನಿಜಕ್ಕೂ ಒಳ್ಳೆಯದು, 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಆದರೆ ಅದನ್ನು ಸಾಧಿಸಿದ್ದು ಕೋಝಿಕ್ಕೋಡಿನಂಥ ಊರುಗಳಲ್ಲಿ ವರ್ಷಗಟ್ಟಲೆ ಹೋರಾಡಿದ ಹೆಂಗಸರೇ ಹೊರತು ಸಮಿತಿಗಳಲ್ಲ.

ಭಾಷೆಯ ವಿಚಾರ ಇನ್ನೂ ಗಂಭೀರ. ಒಂದನೇ ತರಗತಿಯಿಂದ ಹತ್ತನೇ ತರಗತಿಯ ತನಕ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ ಕಾನೂನು 2017ರಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ವರ್ಷ ಕಾಯ್ದೆಯಾಯಿತು. ಕಾಸರಗೋಡಿನ ಕನ್ನಡಿಗರು ತಮ್ಮ ಮಾತನ್ನು ಹೇಳಲು ಬೀದಿಗಿಳಿಯಬೇಕಾಯಿತು. 2025ರ ಅಕ್ಟೋಬರಿನಲ್ಲಿ ಅಂಗೀಕಾರವಾದ ಮಲಯಾಳ ಭಾಷಾ ಮಸೂದೆಯೂ ಇಲ್ಲಿ ಅದೇ ಆತಂಕವನ್ನು ಎಬ್ಬಿಸಿತು. ಆತಂಕ ಸರಿಯೋ ತಪ್ಪೋ ಎಂಬುದನ್ನು ಖಂಡ ಖಂಡವಾಗಿ ಬಿಡಿಸಿ ಹೇಳಬಹುದಾದ ಜಾಗ ಸಮಿತಿಯೇ. ಅದು ಜಿಲ್ಲೆಗೆ ಬಂದು ಒಂದು ದಿನ ಕುಳಿತಿದ್ದರೆ, ಕನ್ನಡ ಶಾಲೆಯ ಮಗುವಿನ ಸಮಯಪಟ್ಟಿಯಲ್ಲಿ ಎಷ್ಟು ಪಿರಿಯಡ್ಡು ಉಳಿಯುತ್ತದೆಂದು ಅಧ್ಯಾಪಕರೇ ಲೆಕ್ಕ ತೋರಿಸುತ್ತಿದ್ದರು.

ಹೀಗೆ ಕೇಳುವುದು ಹೊಸ ಬೇಡಿಕೆಯೂ ಅಲ್ಲ. 1957ರಲ್ಲಿ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿಯವರು ತಂದ ಕೇರಳ ಶಿಕ್ಷಣ ಮಸೂದೆ ಸೆಲೆಕ್ಟ್ ಕಮಿಟಿಗೆ (ಆ ಒಂದು ಮಸೂದೆಗೆಂದೇ ರಚಿಸುವ ಸಮಿತಿಗೆ) ಹೋಗಿತ್ತು; ಆಮೇಲೆ ರಾಷ್ಟ್ರಪತಿಗಳ ಮೂಲಕ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಹೋಗಿ, ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ 1958ರಲ್ಲಿ ಬಂದ ಆ ಅಭಿಪ್ರಾಯದ ಪ್ರಕಾರ ತಿದ್ದುಪಡಿಯಾಗಿ, 1959ರಲ್ಲಿ ಅಂಕಿತ ಪಡೆಯಿತು. ಸೆಲೆಕ್ಟ್ ಕಮಿಟಿಗೆ ಊರೂರಿಗೆ ಹೋಗಿ ಜನರ ಮಾತು ಕೇಳುವ ಅವಕಾಶವಿದೆ. ಹೀಗಿದ್ದರೂ, ಮಸೂದೆಯನ್ನು ಸೆಲೆಕ್ಟ್ ಕಮಿಟಿಗೆ ಒಪ್ಪಿಸಬೇಕು, ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡಬೇಕು ಎಂದು ಸದಸ್ಯರು ತರುವ ಸೂಚನೆಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ.

1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಸಭಾಧ್ಯಕ್ಷರ ಅನುಮತಿಯಿಂದ ಸದಸ್ಯರು ಮಾತೃಭಾಷೆಯಲ್ಲಿ ಮಾತನಾಡಲು ಸಂವಿಧಾನದ 210ನೆಯ ವಿಧಿಯಲ್ಲಿ ಅವಕಾಶವಿದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಮಸೂದೆಗಳು ಮಾತ್ರ ಅಚ್ಚಾಗುವುದು ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಶಿಕ್ಷಣ, ಕಾರ್ಮಿಕ ಮತ್ತು ಭಾಷೆಗೆ ಸಂಬಂಧಿಸಿದ ಮಸೂದೆಗಳ ಕನ್ನಡ ಅನುವಾದವನ್ನು ಮಂಡನೆಯ ದಿನವೇ ಪ್ರಕಟಿಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ತಿರುವನಂತಪುರ ಇಲ್ಲಿಂದ 550 ಕಿ.ಮೀ.ಗೂ ದೂರ, ವಂದೇ ಭಾರತ್ ರೈಲಿನಲ್ಲೂ ಎಂಟು ಗಂಟೆಯ ದಾರಿ. ದಿನಗೂಲಿ ಬಿಟ್ಟು ಅಷ್ಟು ದೂರ ಹೋಗುವವರು ಯಾರು?

ಖಂಡವಾರು ಓದಿನ ಶ್ರದ್ಧೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಜನರ ಮಾತು ಕೇಳುವ ವಿಚಾರದಲ್ಲಿ ಎರಡಕ್ಕಿಂತ ಹೆಚ್ಚು ಕೊಡಲಾರೆ. ಈ ಸೇವೆಯನ್ನು ಬಳಸಬೇಕೆಂದಿರುವ ಅಧ್ಯಾಪಕರಿಗೂ ಕಾರ್ಮಿಕ ಸಂಘಟನೆಗಳಿಗೂ ಹೇಳುವುದಿಷ್ಟು: ಸಾಮಾನ್ಯ ಚರ್ಚೆ ನಡೆಯುವ ದಿನವನ್ನು ಕಾಯಬೇಡಿ. ಮಸೂದೆ ವಿಧಾನಸಭೆಯ ಜಾಲತಾಣದಲ್ಲಿ ಕಂಡ ಕೂಡಲೇ ಸಂಬಂಧಿಸಿದ ಖಂಡದ ಸಂಖ್ಯೆ ನಮೂದಿಸಿ, ಅದರಲ್ಲಿ ಏನು ಬದಲಾಗಬೇಕೆಂದು ಎರಡು ಪುಟ ಮೀರದಂತೆ ಕನ್ನಡದಲ್ಲಿ ಬರೆದು, ಸಾಧ್ಯವಿದ್ದರೆ ಮಲಯಾಳ ಅನುವಾದವನ್ನೂ ಸೇರಿಸಿ, ಆಯಾ ಸಮಿತಿಯ ಸದಸ್ಯರಿಗೂ ನಮ್ಮ ಶಾಸಕರಿಗೂ ಕಳುಹಿಸಿ. ಆಡಳಿತ ಪಕ್ಷದ ಸದಸ್ಯರು ಅದನ್ನು ತಿದ್ದುಪಡಿಯಾಗಿ ತರದಿದ್ದರೂ, ಪ್ರತಿಪಕ್ಷದ ಸದಸ್ಯರೊಬ್ಬರ ಭಿನ್ನಾಭಿಪ್ರಾಯ ಟಿಪ್ಪಣಿಯಲ್ಲಿ ಅದು ಸೇರಿದರೆ ವರದಿಯ ಭಾಗವಾಗಿ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ತಿದ್ದುಪಡಿಯ ಹೊತ್ತಿಗೆ ತೋರಿಸಲು ಸಿಗುತ್ತದೆ.